ಲೈನ್ ಬಿದ್ದ ದಿನ ಹೇಳಿ

ಜಾಲ ಕಾಯುವವರ ಬಾಳೇ ವಿಚಿತ್ರ. ಅಡುಗೆ ಮಾಡಿದವರಿಗೆ ಉಂಡವರು ಬಾಯಿ ಚಪ್ಪರಿಸಿದರೆ ಸಮಾಧಾನ, ಹಾಡಿದವರಿಗೆ ಚಪ್ಪಾಳೆ. ಆರ್ಲಿಸ್ ಬ್ರೆಕ್ಕೆಗೆ ಮಾತ್ರ ಇಡೀ ದಿನ ಯಾರೂ ತನ್ನನ್ನು ನೆನೆಯದಿದ್ದರೆ ಕೆಲಸ ಚೆನ್ನಾಗಿ ನಡೆದಿದೆ ಎಂದರ್ಥ. ನಾರ್ತ್ ಡಕೋಟ ರಾಜ್ಯದ ಕಾಲೇಜುಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಕಂಪ್ಯೂಟರ್ ಜಾಲದ ಕಚೇರಿ ಒಂದು ನೆಲಮಾಳಿಗೆಯಲ್ಲಿತ್ತು. ಗಂಡ ಹೋದ ಮೇಲಿನ ವರ್ಷಗಳನ್ನೆಲ್ಲ ಆಕೆ ಅಲ್ಲಿ ಕುಳಿತು ಪರದೆಯ ಮೇಲಿನ ಹಸಿರು ಗೆರೆಗಳನ್ನು ನೋಡುತ್ತ ಕಳೆದಿದ್ದಳು. ಗೆರೆ ಕೆಂಪಾದರೆ ಫೋನ್ ಬಡಿದುಕೊಳ್ಳುತ್ತಿತ್ತು. ಹಸಿರಾಗಿದ್ದರೆ ಆಕೆ ಇದ್ದಾಳೋ ಸತ್ತಿದ್ದಾಳೋ ಎಂದು ಕೇಳುವವರಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಂಪಾಗುತ್ತಿದ್ದದ್ದು ಮಿಸೌರಿ ನದಿಯಾಚೆಯ ಸ್ವೆನ್‌ಬಿ ಕಾಲೇಜಿನ ಗೆರೆ. ಬೇಸಿಗೆಯಲ್ಲಿ ನೆಲ ಅಗೆಯುವವರು ಕೇಬಲ್ ಕಡಿಯುತ್ತಿದ್ದರು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ಅದನ್ನು ಹಿಂಡಿ ಮುರಿಯುತ್ತಿತ್ತು, ವಸಂತದಲ್ಲಿ ನದಿಯ ಹಿಮ ಒಡೆದು ಸೇತುವೆಗೆ ಗುದ್ದುತ್ತಿತ್ತು. ಫೋನಿನ ತಂತಿ ಬೇರೆ, ಅದಕ್ಕೇನೂ ಆಗುತ್ತಿರಲಿಲ್ಲ; ಆಗ ಅಲ್ಲಿಂದ ಡೆಲ್ಮರ್ ಓಪ್ಡಾಲ್ ಫೋನ್ ಮಾಡುತ್ತಿದ್ದ. ಗ್ರಂಥಾಲಯ ನೋಡಿಕೊಳ್ಳುವವನು ಅವನೇ, ಕಂಪ್ಯೂಟರ್ ನೋಡಿಕೊಳ್ಳುವವನೂ ಅವನೇ.

"ಆರ್ಲಿಸ್, ಮತ್ತೆ ಹೋಯ್ತು."

"ನೋಡ್ತಿದೀನಿ ಡೆಲ್ಮರ್. ಪೆಟ್ಟಿಗೆ ಮುಂದೆ ಇದೀರಾ? ದೀಪ ಹೇಗಿದೆ?"

"ಎಡಗಡೇದು ಸತ್ತಿದೆ. ಬಲಗಡೇದು ನಮ್ಮ ಪ್ರಿನ್ಸಿಪಾಲರ ಥರ. ಕಣ್ಣು ಮಿಟುಕಿಸುತ್ತೆ, ಕೆಲಸ ಮಾಡಲ್ಲ."

ರಿಪೇರಿಯವರು ಅಷ್ಟು ದೂರ ಹೋಗಿ ಮುಟ್ಟುವ ತನಕ ಆ ತುದಿಯವನು ಫೋನ್ ಇಡದೆ, ಲೈನ್ ಬಂದು ಸೇರುವ ಪೆಟ್ಟಿಗೆಯ ದೀಪಗಳನ್ನು ನೋಡಿ ನೋಡಿ ಹೇಳುತ್ತಿರಬೇಕು ಎಂಬುದು ಕಚೇರಿಯ ಪದ್ಧತಿ. ದೀಪಗಳೇನು ಗಳಿಗೆಗೊಮ್ಮೆ ಬದಲಾಗುತ್ತವೆಯೇ? ಮಾತು ತಾನಾಗಿ ಬೇರೆ ಕಡೆ ಹೊರಳುತ್ತಿತ್ತು. ಅವನ ಮುದಿ ಬೆಕ್ಕು, ನೆಬ್ರಾಸ್ಕದಲ್ಲಿರುವ ಜಗಳಗಂಟಿ ಅಕ್ಕ, ಆರ್ಲಿಸ್‌ಳ ಮನೆ ಹತ್ತಿರದ ಲೀನಾಳ ಅಂಗಡಿಯ, ಜೂನ್‌ಬೆರಿ ಹಣ್ಣು ತುಂಬಿ ಬೇಯಿಸಿದ ಪೈ.

"ಆ ಪೈ ಒಂದಿನ ತಿನ್ಲೇಬೇಕು ನೋಡಿ," ಎನ್ನುತ್ತಿದ್ದ.

"ಬನ್ನಿ, ಯಾರು ಬೇಡ ಅಂದ್ರು?"

"ಬರೋಣ, ಬರೋಣ."

ಬರಲಿಲ್ಲ. ಈಕೆಯೂ ಹೋಗಲಿಲ್ಲ. ಇಬ್ಬರೂ ನಾರ್ವೆಯಿಂದ ಬಂದ ಹಳೆಯ ಮನೆತನದವರು. ಮನೆಗೆ ಬೆಂಕಿ ಬಿದ್ದರೂ ಪಕ್ಕದವರನ್ನು "ತೊಂದರೆ ಕೊಡ್ತಿಲ್ಲ ತಾನೇ?" ಎಂದು ವಿಚಾರಿಸಿದ ಮೇಲೆಯೇ ಒಂದು ಬಕೆಟ್ ನೀರು ಕೇಳುವ ಜನ. ಕೆಲಸವಿಲ್ಲದೆ ಫೋನ್ ಮಾಡುವುದೆಂದರೆ ಅವರಿಗೆ ನಡುಬೀದಿಯಲ್ಲಿ ಅಂಗಿ ಬಿಚ್ಚಿದಷ್ಟು ನಾಚಿಕೆ. ಲೈನ್ ಬಿದ್ದರೆ ಮಾತು, ಏಳುತ್ತಿದ್ದಂತೆ ಮೌನ. ಇದನ್ನು ಸ್ನೇಹ ಎನ್ನಬಹುದೇ ಎಂದು ಆರ್ಲಿಸ್ ಎಂದೂ ಕೇಳಿಕೊಂಡಿರಲಿಲ್ಲ, ಕೇಳಿಕೊಂಡಿದ್ದರೆ ಉತ್ತರ ಗೊತ್ತಿತ್ತು.

ಒಂದು ವಸಂತದಲ್ಲಿ ಲೈನ್ ಬಿದ್ದಾಗ ಡೆಲ್ಮರ್ ಬೆಕ್ಕಿನ ಮಾತೆತ್ತಲಿಲ್ಲ. ಆ ದಿನ ನರ್ಸಿಂಗ್ ಹುಡುಗಿಯರ ಪರೀಕ್ಷೆ ನಡೆಯುತ್ತಿತ್ತು, ಕಂಪ್ಯೂಟರಿನಲ್ಲಿ.

"ಒಬ್ಬಳು ಕೈಕೂಸು ಎತ್ಕೊಂಡು ಕೆಸರು ರಸ್ತೇಲಿ ಬಂದಿದ್ಲು ಆರ್ಲಿಸ್. ಮುಕ್ಕಾಲು ಪಾಲು ಬರೆದಿದ್ಲು. ಎಲ್ಲಾ ಹೋಯ್ತು. ಏನಂತ ಹೇಳ್ಲಿ ಅವಳಿಗೆ?"

ಅದಾದ ಮೇಲೆ ಸ್ವೆನ್‌ಬಿಗೆ ಎರಡನೆಯ ಲೈನ್ ಕೊಡುವುದೆಂದು ತೀರ್ಮಾನವಾಯಿತು. ಒಂದು ಬಿದ್ದರೆ ಇನ್ನೊಂದು ಹೊರಬೇಕು. ಬೇರೆ ಕಂಪನಿ, ಬೇರೆ ಕೇಬಲ್. ಕೆಲಸ ಮುಗಿದ ಶರತ್ಕಾಲದಲ್ಲಿ ಆರ್ಲಿಸ್ ತಾನೇ ಕಾರು ಓಡಿಸಿಕೊಂಡು ಕೇಬಲ್ ಹಾದ ದಾರಿ ನೋಡಲು ಹೋದಳು. ಕೊಯ್ದ ಗೋಧಿಯ ಬಯಲು, ಗಾಳಿ, ಆಕಾಶ, ಅಷ್ಟೆ. ನದಿಯ ಸೇತುವೆಯ ಕೆಳಗಿಳಿದು ಬಗ್ಗಿ ನೋಡಿದಳು. ಕಿತ್ತಳೆ ಬಣ್ಣದ ಒಂದೇ ಕೊಳವೆ. ಅದರ ಬಾಯಿಂದ ಹೊರಬಿದ್ದ ಕೇಬಲ್‌ಗಳು ಮಾತ್ರ ಎರಡು, ಒಂದೊಂದಕ್ಕೆ ಒಂದೊಂದು ಕಂಪನಿಯ ಹೆಸರಿನ ಚೀಟಿ. ನದಿ ದಾಟುವುದು ಕಷ್ಟವೆಂದು ಎರಡನೆಯವರು ಮೊದಲನೆಯವರ ಕೊಳವೆಯಲ್ಲೇ ಬಾಡಿಗೆಗೆ ಜಾಗ ಹಿಡಿದಿದ್ದರು. ಹಿಮ ಗುದ್ದಿದರೆ ಎರಡೂ ಒಟ್ಟಿಗೇ ಮಣ್ಣುಪಾಲು.

ಅಷ್ಟರಲ್ಲಿ ಕಚೇರಿಯ ಮುಖ್ಯಸ್ಥ ಕರ್ಟ್ ವೆಂಟ್ಸ್ ಫೋನ್ ಮಾಡಿದ.

"ಆರ್ಲಿಸ್, ಎರಡೂ ಬೇರೆ ಬೇರೆ ತಾನೇ? ಹೂಂ ಅನ್ನಿ, ಇವತ್ತೇ ಸಹಿ ಹಾಕಿ ಮುಗಿಸಿಬಿಡೋಣ."

ಒಂದು ಹೂಂ ಸಾಕಿತ್ತು. ಹೂಂ ಎಂದರೆ ವಸಂತ ಬರುತ್ತದೆ, ಹಿಮ ಒಡೆಯುತ್ತದೆ, ಫೋನ್ ಬಡಿದುಕೊಳ್ಳುತ್ತದೆ, "ಆರ್ಲಿಸ್, ಮತ್ತೆ ಹೋಯ್ತು" ಎಂಬ ಆ ದನಿ ಕೇಳಿಸುತ್ತದೆ. ಇಲ್ಲ ಎಂದರೆ ಇನ್ನೆಂದೂ ಕೇಳಿಸಲಿಕ್ಕಿಲ್ಲ. ತಾನು ಇಂಥದ್ದನ್ನು ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ಆಕೆಗೆ ತನ್ನ ಮೇಲೇ ಅಸಹ್ಯವಾಯಿತು. ಅಸಹ್ಯವಾದರೂ ಲೆಕ್ಕ ನಿಲ್ಲಲಿಲ್ಲ. ಕೂಸನ್ನು ಎತ್ತಿಕೊಂಡು ಕೆಸರಿನಲ್ಲಿ ಬಂದ ಆ ಹುಡುಗಿ, ಮುಖ ಕಾಣದಿದ್ದರೂ, ಕಣ್ಣ ಮುಂದೆ ಬಂದು ನಿಂತಳು.

"ಇಲ್ಲ ಕರ್ಟ್. ಹೆಸರಿಗೆ ಎರಡು. ನದಿ ಹತ್ರ ಬಂದು ಒಂದೇ ತೂತಲ್ಲಿ ತೂರಿವೆ."

"ಅಯ್ಯೋ ನಿಮ್ಮ! ಈಗ ಏನ್ ಮಾಡೋದು?"

"ಎರಡನೇದು ಅಣೆಕಟ್ಟಿನ ಮೇಲಿನಿಂದ ಬರ್ಲಿ. ಸುತ್ತು ದಾರಿ, ಆದ್ರೆ ಹಿಮ ಮುಟ್ಟಲ್ಲ."

ಕರ್ಟ್ ಗೊಣಗಿದ, ಆದರೆ ಕಂಪನಿಯವರ ಬೆನ್ನು ಹತ್ತಿ ಕೆಲಸ ಮಾಡಿಸಿದ. ನೆಲ ಹೆಪ್ಪುಗಟ್ಟುವ ಮುಂಚೆ ಹೊಸ ದಾರಿ ಸಿದ್ಧವಾಯಿತು. ಲೈನಿನ ಪರೀಕ್ಷೆಗೂ ಒಂದು ಪದ್ಧತಿಯಿದೆ. ಹಾಡಹಗಲು, ಪಾಠ ನಡೆಯುವ ಹೊತ್ತಿನಲ್ಲಿ, ಯಾರಿಗೂ ಹೇಳದೆ ಮೊದಲ ಲೈನನ್ನು ಕಿತ್ತು ಕೂರುವುದು. ಯಾರೂ ಬೊಬ್ಬೆ ಹಾಕದಿದ್ದರೆ ಗೆದ್ದಂತೆ. ಆರ್ಲಿಸ್ ಕಿತ್ತಳು. ಕೈಯನ್ನು ಫೋನಿನ ಪಕ್ಕದಲ್ಲಿಟ್ಟುಕೊಂಡು ಕುಳಿತಳು.

"ಯಾರಾದ್ರೂ ಫೋನ್ ಮಾಡಿದ್ರಾ?" ಕರ್ಟ್ ಬಾಗಿಲಲ್ಲಿ ತಲೆ ತೂರಿಸಿ ಕೇಳಿದ.

"ಇಲ್ಲ. ಯಾರೂ ಮಾಡ್ಲಿಲ್ಲ."

"ಭೇಷ್!" ಎಂದು ಅವನು ಮೇಜು ಕುಟ್ಟಿದ. ಆಕೆಯೂ ನಕ್ಕಳು. ಕೆಲಸದ ಸಂತೋಷ ಸುಳ್ಳಾಗಿರಲಿಲ್ಲ, ಒಳಗಿನ ಸಂಕಟವೂ ಸುಳ್ಳಾಗಿರಲಿಲ್ಲ.

ಆ ಚಳಿಗಾಲ ಗೆರೆಗಳೆಲ್ಲ ಹಸಿರು. ಫೋನ್ ಕೆಟ್ಟಿಲ್ಲ ತಾನೇ ಎಂದು ಆರ್ಲಿಸ್ ಆಗಾಗ ಎತ್ತಿ ಕಿವಿಗಿಟ್ಟುಕೊಳ್ಳುತ್ತಿದ್ದಳು. ಕೆಟ್ಟಿರಲಿಲ್ಲ. ಅವನ ನಂಬರ್ ಬಾಯಿಪಾಠ. ಆದರೆ ಮಾಡಿ ಹೇಳುವುದೇನು? ಬೆಕ್ಕು ಹೇಗಿದೆ ಎಂದೇ? ಶನಿವಾರ ಭಾನುವಾರ ಮನೆಯಲ್ಲಿ ಆಲೂಗಡ್ಡೆ ಸೂಪು ಕಾಯಿಸಿಕೊಂಡು, ಕಿಟಕಿಯ ಹತ್ತಿರ ಕುಳಿತು, ಲೀನಾಳ ಅಂಗಡಿಯ ಕಡೆಗಿನ ರಸ್ತೆಯಲ್ಲಿ ಹಿಮ ತುಂಬುವುದನ್ನು ನೋಡುತ್ತಿದ್ದಳು. ಒಬ್ಬಳಿಗಾಗಿ ಬೂಟು ಹಾಕಿಕೊಂಡು ಪೈ ತಿನ್ನಲು ಯಾರು ಹೋಗುತ್ತಾರೆ?

ಏಪ್ರಿಲ್‌ನಲ್ಲಿ ನದಿಯ ಹಿಮ ಒಡೆಯಿತು. ಮನೆ ಗಾತ್ರದ ಹಿಮದ ಹಾಳೆಗಳು ಬಂದು ಸೇತುವೆಗೆ ಗುದ್ದಿ, ಕಿತ್ತಳೆ ಕೊಳವೆಯನ್ನು ಕಿತ್ತೊಯ್ದವು. ಪರದೆಯ ಮೇಲೆ ಸ್ವೆನ್‌ಬಿಯ ಒಂದು ಗೆರೆ ಕೆಂಪಾಯಿತು. ಅಣೆಕಟ್ಟಿನ ಮೇಲಿನ ಗೆರೆ ಹಸಿರಾಗಿಯೇ ಇತ್ತು. ಪಾಠಗಳು ನಡೆದವು, ಪರೀಕ್ಷೆಗಳು ನಡೆದವು, ಆ ತುದಿಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ.

ಆರ್ಲಿಸ್‌ಳ ಎದೆ ಹಗುರವಾಯಿತು. ಹೇಳಲು ಒಂದು ವಿಷಯ ಸಿಕ್ಕಿತ್ತು! ಲೈನ್ ಬಿದ್ದಿದೆ, ಬಿದ್ದದ್ದು ನಿಮಗೆ ಗೊತ್ತೇ ಆಗಲಿಲ್ಲ ನೋಡಿ ಎಂದು ಹೇಳಬಹುದು. ಇದು ಕೆಲಸದ ಮಾತು, ನಾಚಿಕೆಪಡುವಂಥದ್ದೇನಿಲ್ಲ. ಹುಡುಗಿಯ ಹಾಗೆ ಕೂದಲು ಸರಿಮಾಡಿಕೊಂಡು ನಂಬರ್ ಒತ್ತಿದಳು.

"ಗ್ರಂಥಾಲಯ. ಜನೆಲ್ ಮಾತಾಡ್ತಿರೋದು." ಪರಿಚಯವಿಲ್ಲದ ಹೆಂಗಸಿನ ದನಿ.

"ಡೆಲ್ಮರ್ ಇದಾರಾ?"

"ಅವರು ರಿಟೈರ್ ಆದ್ರಲ್ಲ ಮೇಡಂ, ಜನವರೀಲೇ. ಅಕ್ಕನ ಮನೆಗೆ ಹೋದ್ರು. ತಾವು ಯಾರು?"

"ಆರ್ಲಿಸ್. ಜಾಲದ ಕಚೇರಿಯಿಂದ."

"ಓ, ಆರ್ಲಿಸ್ ಅಂದ್ರೆ ನೀವೇನಾ?" ಜನೆಲ್‌ಳ ದನಿ ಬದಲಾಯಿತು. "ನಿಮಗೊಂದು ಮಾತು ಹೇಳೋಕೆ ಹೇಳಿದ್ರು. ಲೈನ್ ಬಿದ್ದ ದಿನ ಫೋನ್ ಮಾಡಿದ್ರೆ ಆರ್ಲಿಸ್ ಅವರೇ ಸಿಗ್ತಾರೆ, ಆಗ ಹೇಳಿ ಅಂತ. ರಿಟೈರ್ ಆದ್ಮೇಲೆ ಊರು ಬಿಡೋಕೆ ಇನ್ನೂ ಎರಡು ವಾರ ಇತ್ತು, ಲೈನ್ ಎರಡಾದ್ರೇನು, ಅಷ್ಟರೊಳಗೆ ಬಿದ್ದೇ ಬೀಳುತ್ತೆ, ಬೀಳದೆ ಎಲ್ಲಿ ಹೋಗುತ್ತೆ ಅಂತಿದ್ರು."

"ಏನು ಮಾತು?"

"ಹೋಗೋ ದಾರೀಲಿ ನಿಮ್ಮೂರಲ್ಲಿ ಇಳೀತೀನಿ, ಫೆಬ್ರವರಿ ಮೊದಲ ಶನಿವಾರ. ಅದೇನೋ ಪೈ ಅಂಗಡಿ ಅಂತೆ, ಅಲ್ಲಿ ಕಾಯ್ತಿರ್ತೀನಿ, ನಿಮಗೆ ತೊಂದರೆ ಇಲ್ದಿದ್ರೆ ಬನ್ನಿ ಅಂತ. ನೀವೇ ಫೋನ್ ಮಾಡಿ ಹೇಳಬಾರ್ದಾ ಅಂದೆ. ಲೈನ್ ಚೆನ್ನಾಗಿರೋವಾಗ ಏನಂತ ಮಾಡ್ಲಿ ಅಂದ್ರು. ಆಮೇಲೆ ಲೈನ್ ಬೀಳ್ಲೇ ಇಲ್ವಲ್ಲ ಮೇಡಂ, ನಂಗೂ ಮರೆತೇ ಹೋಯ್ತು."

ಆ ಶನಿವಾರ ಆರ್ಲಿಸ್‌ಗೆ ನೆನಪಿರಲಿಲ್ಲ. ಎಲ್ಲ ಶನಿವಾರಗಳಂತೆಯೇ ಇದ್ದಿರಬೇಕು, ಸೂಪು, ಕಿಟಕಿ, ರಸ್ತೆಯಲ್ಲಿ ಹಿಮ. ಆ ರಸ್ತೆಯ ತುದಿಯಲ್ಲಿ ಒಬ್ಬ ಮನುಷ್ಯ ಬಾಗಿಲು ತೆರೆದಾಗಲೆಲ್ಲ ತಲೆಯೆತ್ತಿ ನೋಡುತ್ತ ಕುಳಿತಿದ್ದ.

"ಅವರ ನಂಬರ್ ಏನಾದ್ರೂ...?"

"ಅಕ್ಕನ ಮನೇದು ಕೊಟ್ಟಿಲ್ಲ ಮೇಡಂ. ಊರಿನ ಹೆಸರೂ ಗೊತ್ತಿಲ್ಲ. ಯಾಕೆ, ಲೈನ್‌ಗೇನಾದ್ರೂ ಆಗಿದೆಯಾ?"

"ಇಲ್ಲಮ್ಮ," ಎಂದಳು ಆರ್ಲಿಸ್. "ಲೈನ್ ಚೆನ್ನಾಗಿದೆ."

ಫೋನ್ ಇಟ್ಟಳು. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕರ್ಟ್ ಡೋನಟ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮುಖದ ತುಂಬ ನಗು.

"ಸೇತುವೆ ಲೈನೇ ಕೊಚ್ಕೊಂಡು ಹೋಗಿದೆ ಆರ್ಲಿಸ್! ಸ್ವೆನ್‌ಬಿಯಿಂದ ಯಾರಾದ್ರೂ ಫೋನ್ ಮಾಡಿದ್ರಾ?"

"ಇಲ್ಲ ಕರ್ಟ್," ಎಂದಳು. "ಯಾರೂ ಮಾಡ್ಲಿಲ್ಲ."