ಎಣ್ಣೆ ಕುಡಿಯುವ ಟ್ರ್ಯಾಕ್ಟರ್

ಮೈಯೆಲ್ಲ ಮಾಸಿದ ಟ್ರ್ಯಾಕ್ಟರಿಗೆ ಮೂತಿ ಮಾತ್ರ ಹೊಸದಾಗಿ ಕೆಂಪು ಬಣ್ಣ ಬಳಿದಿದ್ದರೆ ಅದರ ಹಿಂದೆ ಏನೋ ಇದೆ ಎಂದೇ ಅರ್ಥ. ಬೈರಮ್ಮನ ಹಿತ್ತಲಲ್ಲಿ ಹಲಸಿನ ಮರದ ಕೆಳಗೆ ನಿಂತಿದ್ದ ಆ ಪುಟ್ಟ ಗಾಡಿಯನ್ನು ನೋಡಿದ ಗಳಿಗೆಯಲ್ಲೇ ನನಗೆ ಅನುಮಾನ ಬಂತು.

ಅನುಮಾನ ನನ್ನ ಹುಟ್ಟುಗುಣ. ತರಕಾರಿಯವನ ತಕ್ಕಡಿಯ ತಳ ಬಗ್ಗಿ ನೋಡುವ ಗಂಡಸು ಎಂದು ಹೆಂಡತಿ ಮಹಾಂತಮ್ಮ ಹಂಗಿಸುತ್ತಾಳೆ. ಹಂಗಿಸಲಿ. ಬಾಗಲಕೋಟೆ ಕಡೆಯಿಂದ ಬಂದು, ಮಹದೇವಪುರದಲ್ಲಿ ಬಾಡಿಗೆ ಕೋಣೆ ಹಿಡಿದು, ಕಂಪನಿಗಳ ಹುಲ್ಲು ಕತ್ತರಿಸುವ ಕಂತ್ರಾಟು ಮಾಡಿಕೊಂಡು ಎಂಟು ವರ್ಷ ಬದುಕಿದ್ದೇನೆಂದರೆ ಆ ಗುಣದ ಪುಣ್ಯ.

ಬ್ರೂಕ್‌ಫೀಲ್ಡ್ ಹತ್ತಿರದ ಕಂಪನಿಯೊಂದರ ಐದು ಎಕರೆ ಹುಲ್ಲುಹಾಸು ನಮ್ಮ ದೊಡ್ಡ ಕೆಲಸ. ಆರು ಜನ ಸೇರಿ ಕೈಯಲ್ಲಿ ತಳ್ಳುವ ಯಂತ್ರದಿಂದ ಒಂದು ತುದಿ ಮುಗಿಸುವಷ್ಟರಲ್ಲಿ ಇನ್ನೊಂದು ತುದಿ ಮೊಣಕಾಲುದ್ದ ಬೆಳೆದಿರುತ್ತಿತ್ತು. ಮುಂದಿನ ಒಂದನೇ ತಾರೀಖಿನಿಂದ ಟ್ರ್ಯಾಕ್ಟರ್ ತಂದು ಕತ್ತರಿಸದಿದ್ದರೆ ಕೆಲಸ ಬೇರೆಯವರಿಗೆ ಎಂದು ಅಲ್ಲಿನ ಮ್ಯಾನೇಜರು ಖಡಕ್ಕಾಗಿ ಹೇಳಿಬಿಟ್ಟಿದ್ದ. ಹೊಸದು ಕೊಳ್ಳುವ ತಾಕತ್ತು ನನಗಿಲ್ಲ. ಹಳೆಯದು ಕೊಂಡು ಅದು ಎರಡನೇ ದಿನಕ್ಕೇ ಕೆಟ್ಟು ನಿಂತರೆ ಕಂತ್ರಾಟೂ ಹೋಯಿತು, ಆರು ಮನೆಯ ಅನ್ನವೂ ಹೋಯಿತು.

ಬೈರಮ್ಮ ಈ ಊರು ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇರುವ ಮನೆತನದವಳು. ಗಂಡ ತೀರಿಕೊಂಡಿದ್ದ. ಮಗ ಪ್ರಸನ್ನ, ಮಗಳು ಮಂಜುಶ್ರೀ. ದ್ರಾಕ್ಷಿ ತೋಟದ ಸಾಲುಗಳ ನಡುವೆ ಓಡಾಡಲು ಗಂಡ ಈ ಸಣ್ಣ ಟ್ರ್ಯಾಕ್ಟರ್ ತಂದಿದ್ದನಂತೆ. ತೋಟ ಇದ್ದಲ್ಲಿ ಈಗ ಅಪಾರ್ಟ್‌ಮೆಂಟು ನಿಂತಿದೆ, ಟ್ರ್ಯಾಕ್ಟರಿಗೆ ಕೆಲಸವಿಲ್ಲ ಎಂದಳು. ಮೂತಿಗೆ ಬಣ್ಣ ಯಾಕೆ ಎಂದು ಕೇಳಿದರೆ ಸುಮ್ಮನೆ ಎಂದಳು. ಸುಮ್ಮನೆ ಯಾರು ಬಣ್ಣಕ್ಕೆ ದುಡ್ಡು ಸುರಿಯುತ್ತಾರೆ?

ಇಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಕೀಲಿ ತಿರುಗಿಸಿದೆ, ಮೊದಲ ಸಲಕ್ಕೇ ಎದ್ದಿತು. ಹೊಗೆಯಿಲ್ಲ, ಕೆಳಗೆ ಒಂದು ತೊಟ್ಟು ಸೋರಿಕೆಯಿಲ್ಲ. ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರು. ನಾನು ಬಗ್ಗಿ ಇನ್ನೊಂದು ಸಲ ಕೆಳಗೆ ನೋಡಿದೆ. ಇಷ್ಟು ಚೆನ್ನಾಗಿರುವುದನ್ನು ಬುದ್ಧಿ ನೆಟ್ಟಗಿರುವವರು ಮಾರುತ್ತಾರೆಯೇ?

ಅಷ್ಟರಲ್ಲಿ ಬೈರಮ್ಮನಿಗೆ ಫೋನ್ ಬಂತು. ಅಡಿಗೆಮನೆಗೆ ಹೋಗಿ ದನಿ ತಗ್ಗಿಸಿ ಮಾತಾಡತೊಡಗಿದಳು. ದನಿ ತಗ್ಗಿತೆಂದರೆ ನನ್ನ ಕಿವಿ ತಾನಾಗಿ ಆ ಕಡೆ ತಿರುಗುತ್ತದೆ. ಕಿಟಕಿಯ ಕೆಳಗೆ ಟೈರು ನೋಡುವವನಂತೆ ಕೂತೆ.

"ಅದು ದಿನಾ ಎಣ್ಣೆ ಕುಡೀತದೆ ಕಣಕ್ಕಾ. ಅದ್ಕೇ ಟ್ರ್ಯಾಕ್ಟ್ರು ಮಾರ್ಬಿಡ್ತಾ ಇದೀನಿ. ನೋಡಕ್ ಬರೋರ್ಗೆ ಮಾತ್ರ ಒಂಚೂರೂ ತಿಳೀಬಾರ್ದು."

ನೋಡಲು ಬಂದವನು ನಾನೇ ತಾನೆ! ಸಿಕ್ಕಿಬಿದ್ದಳು ಎಂದುಕೊಂಡೆ. ಇಂಜಿನ್ ಎಣ್ಣೆ ಕುಡಿಯುತ್ತದೆ ಎಂದರೆ ಒಳಗೆ ಪಿಸ್ಟನ್ ಸವೆದಿದೆ, ಇನ್ನು ಹೆಚ್ಚು ದಿನ ಬಾಳುವುದಿಲ್ಲ ಎಂದು ಲೆಕ್ಕ. ಎದ್ದು ಬಂದುಬಿಡಬಹುದಿತ್ತು. ಆದರೆ ಒಂದನೇ ತಾರೀಖಿಗೆ ಒಂಬತ್ತೇ ದಿನ ಉಳಿದಿತ್ತು. ಬೆಲೆ ಇಳಿಸಿದರೆ ಆ ಹಣದಲ್ಲೇ ಪೀಣ್ಯದ ಗ್ಯಾರೇಜ್ ಮೇಸ್ತ್ರಿ ಇರಣ್ಣನ ಹತ್ತಿರ ರಿಪೇರಿ ಮಾಡಿಸಬಹುದು. ಅವಳು ಹೊರಗೆ ಬಂದ ಕೂಡಲೇ ನೇರ ವಿಷಯಕ್ಕೆ ಬಂದೆ.

"ಅಕ್ಕಾರ, ದಿನಾ ಎಣ್ಣಿ ಕುಡಿಯೂದು ನನಗ ಗೊತ್ತಾತ್ರಿ. ನಾಕ ಮಂದಿಗೆ ತಿಳಿದ್ರ ಈ ಮನಿ ಬಾಗಿಲಿಗೆ ಯಾರೂ ಬರೂದಿಲ್ಲ. ನಾ ಬಾಯಿ ಬಿಡೂದಿಲ್ರಿ, ನೀವು ರೇಟ್ ಇಳಸ್ರಿ."

ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಒಳಗಿದ್ದ ಮಗಳ ಕಡೆ ಒಮ್ಮೆ ನೋಡಿ, ಚೌಕಾಸಿಯ ಮಾತೇ ಇಲ್ಲದೆ, ಹದಿನೈದು ಸಾವಿರ ಕಡಿಮೆ ಕೊಟ್ಟು ತೆಗೆದುಕೊಂಡು ಹೋಗು ಎಂದಳು. ನಾನು ಗೆದ್ದೆ ಎಂದು ಬೀಗಿದೆ. ಅದನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಇರಣ್ಣ ಇಂಜಿನ್ ಬಿಚ್ಚಿ ನೋಡಿ, ಇದಕ್ಕೇನು ಧಾಡಿ, ಇನ್ನೂ ಹತ್ತು ವರ್ಷ ಓಡುತ್ತದೆ ಎಂದ. ಮೂತಿ ಮಾತ್ರ ಎಲ್ಲೋ ಗೋಡೆಗೆ ಗುದ್ದಿ ನೆಗ್ಗಿದೆ, ತಗಡು ತಟ್ಟಿ ಬಣ್ಣ ಬಳಿದಿದ್ದಾರೆ ಎಂದ. ಹಿಂದೆ ಹುಲ್ಲು ಕತ್ತರಿಸುವ ಬ್ಲೇಡು ಜೋಡಿಸಿಕೊಟ್ಟ. ನನಗೆ ನಂಬಿಕೆ ಬರಲಿಲ್ಲ. ಕೆಲಸ ಶುರುವಾದ ಮೇಲೆ ದಿನಾ ಬೆಳಿಗ್ಗೆ ಅಳತೆಕಡ್ಡಿ ಎಳೆದು ನೋಡುತ್ತಿದ್ದೆ. ಹದಿನೈದು ದಿನವಾದರೂ ಎಣ್ಣೆ ಒಂದು ಗೆರೆಯೂ ಇಳಿಯಲಿಲ್ಲ. ಮ್ಯಾನೇಜರು ಹೊಗಳಿ, ಕಂತ್ರಾಟು ಇನ್ನೊಂದು ವರ್ಷ ಮುಂದುವರಿಸಿದ. ಹಾಗಾದರೆ ಹೆಂಗಸು ಮುಚ್ಚಿಟ್ಟಿದ್ದಾದರೂ ಏನು ಎಂದು ನನಗೆ ನಿದ್ದೆ ಬರಲಿಲ್ಲ.

ಟ್ರ್ಯಾಕ್ಟರ್ ನನ್ನ ಹೆಸರಿಗೆ ಮಾಡಿಸುವ ಕಾಗದದಲ್ಲಿ ಅವಳ ಒಂದು ಸಹಿ ಬಿಟ್ಟುಹೋಗಿತ್ತು. ಭಾನುವಾರ ಮಧ್ಯಾಹ್ನ ಹೋದೆ. ಜಗಲಿಯ ಮೇಲೆ ಪ್ರಸನ್ನ ಬಾಯಿ ಕಳೆದು ಬಿದ್ದಿದ್ದ. ಗೇಟಿನ ತನಕ ಸಾರಾಯಿ ವಾಸನೆ. ನನ್ನನ್ನು ಕಂಡದ್ದೇ ಬೈರಮ್ಮ ಓಡಿ ಬಂದು ಗೇಟು ಅಡ್ಡಗಟ್ಟಿ ನಿಂತಳು.

"ಮಂಜುಶ್ರೀನ ನೋಡಕ್ ಬಂದೋರು ಒಪ್ಪವ್ರೆ ಕಣಪ್ಪ. ಮಗ ಎಣ್ಣೆ ಕುಡಿಯೋದು, ಕುಡ್ದು ಟ್ರ್ಯಾಕ್ಟ್ರು ಗೋಡೆಗೆ ಗುದ್ದಿದ್ದು, ಅವ್ರಿಗೆ ಇನ್ನೂ ತಿಳ್ದಿಲ್ಲ. ಬಾಯಿ ಬಿಡಲ್ಲ ಅಂತ ನೀನೇ ಅಂದಿದ್ಯಲ್ಲ. ಈಗ ಇನ್ನೇನ್ ಬೇಕು?"

ಅಂದರೆ ಆವತ್ತು ಫೋನಿನಲ್ಲಿ ಅವಳು 'ಅದು' ಎಂದಿದ್ದು ಮಗನನ್ನು! ನಮ್ಮ ಕಡೆ ಬೆಳೆದ ಗಂಡುಮಗನನ್ನು ಯಾರೂ 'ಅದು' ಅನ್ನುವುದಿಲ್ಲ. ಇಲ್ಲಿಯ ತಾಯಂದಿರು ಬೇಸತ್ತಾಗ ಅನ್ನುತ್ತಾರೆ. ಈ ಊರಲ್ಲಿ ಎಣ್ಣೆ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲವೇ? ನಮ್ಮ ಹುಡುಗರು ಸಂಬಳದ ದಿನ ಇನ್ನೇನು ಹೊಡೆಯುತ್ತಾರೆ? ನೋಡಲು ಬರುವವರು ಎಂದರೆ ಹೆಣ್ಣು ನೋಡಲು ಬರುವವರು ಎಂದು ಕೂಸಿಗೂ ತಿಳಿಯುತ್ತಿತ್ತು. ನನ್ನ ತಲೆಯಲ್ಲಿ ಇಂಜಿನ್ ಬಿಟ್ಟು ಬೇರೇನೂ ಇರಲಿಲ್ಲ.

ನಾನು ಹೇಳಿದ್ದು ಟ್ರ್ಯಾಕ್ಟರ್ ಬಗ್ಗೆ, ನಿಮ್ಮ ಮಗನ ಬಗ್ಗೆ ಅಲ್ಲ ಎಂದು ಕೈಮುಗಿದು ಹೇಳಿದೆ. ಅವಳು ನಂಬಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಳಿಸಿಕೊಂಡ ಹಣವನ್ನು ನಾಳೆಯೇ ವಾಪಸು ತಂದು ಕೊಡುತ್ತೇನೆ ಎಂದೆ. ಅವಳು ಇನ್ನೂ ಹತ್ತಿರ ಬಂದು ದನಿ ತಗ್ಗಿಸಿದಳು.

"ಯಾಕ್ ವಾಪಸ್ ಕೊಡ್ತೀಯ? ಯಾರ್ಗಾದ್ರೂ ಏಳ್ಬಿಟ್ಯಾ?"

ಇಲ್ಲ ಎಂದೆ. ದೇವರ ಮೇಲೆ ಆಣೆಯಿಟ್ಟೆ. ಸಾಲಲಿಲ್ಲ. ಸಹಿ ಹಾಕಿಕೊಟ್ಟು, ಸೊಂಟದ ಎಲೆಯಡಿಕೆ ಚೀಲದಿಂದ ಮಡಿಚಿದ ನೂರರ ನಾಲ್ಕು ನೋಟು ತೆಗೆದು, ಬಾಯಿ ಬಿಡಬೇಡ ಎಂದು ನನ್ನ ಕೈಗೆ ತುರುಕಿದಳು. ಬೇಡವೆಂದು ಕೈ ಹಿಂದೆಳೆದಷ್ಟೂ ಅವಳ ಕಣ್ಣಲ್ಲಿ ಭಯ ಹೆಚ್ಚಾಯಿತು. ಕೊನೆಗೆ ಆ ನೋಟುಗಳನ್ನು ಜೇಬಿಗೆ ಹಾಕಿಕೊಂಡೆ. ಆಮೇಲೆಯೇ ಅವಳು ನಿಟ್ಟುಸಿರು ಬಿಟ್ಟು ಗೇಟು ಮುಚ್ಚಿದಳು.