ಏಳನೇ ಗಾಜು

ಬಳೆ ಒಡೆದಷ್ಟು ಸಣ್ಣ ಸದ್ದು. ಟಿಣ್ ಎಂದು ಒಂದೇ ಸಲ ಕೇಳಿ ನಿಂತುಹೋಯಿತು. ರಾತ್ರಿ ಎರಡು ಗಂಟೆಗೆ ರಜಾಯಿಯೊಳಗೆ ಮುದುಡಿ ಮಲಗಿದ್ದ ಪ್ರೇರಣಾಳಿಗೆ ಅಷ್ಟೇ ಸಾಕಾಯಿತು. ಬೇರೆ ಯಾರಾಗಿದ್ದರೂ ಬೆಕ್ಕೋ ಇಲಿಯೋ ಎಂದುಕೊಂಡು ಮಗ್ಗಲು ಬದಲಿಸುತ್ತಿದ್ದರು. ಆದರೆ ಅವಳು ಮೂರು ತಿಂಗಳಿಂದ ಕಿವಿಯಲ್ಲೇ ಜೀವ ಇಟ್ಟುಕೊಂಡು ಕಾದದ್ದು ಇದೇ ಸದ್ದಿಗೆ. ಎಂದೂ ಕೇಳದಿರಲಿ ಎಂದು ಬೇಡಿಕೊಂಡದ್ದೂ ಇದನ್ನೇ.

ದೆಹಲಿಯಿಂದ ಹೊರಟು ಮಾನೇಸರ್ ದಾಟಿ ಮುಕ್ಕಾಲು ಗಂಟೆ ಹೋದರೆ ಸಿಗುವ ಊರು ಅದು. ಊರಿನ ಪೇಟೆಯ ನಟ್ಟನಡುವೆ ನೂರ ಮೂವತ್ತು ವರ್ಷದ ಒಂದು ಕಟ್ಟಡ. ಒಂದು ಕಾಲಕ್ಕೆ ಅಲ್ಲಿ ಕೋರ್ಟು ನಡೆಯುತ್ತಿತ್ತಂತೆ, ಹಾಗಾಗಿ ಜನ ಅದನ್ನು ಇವತ್ತಿಗೂ ಪುರಾನಿ ಕಚಹರಿ ಎನ್ನುತ್ತಾರೆ. ಈಗ ಕೆಳಗಿನ ಕಮಾನುಗಳಲ್ಲಿ ದರ್ಜಿಗಳು ಕೂರುತ್ತಾರೆ, ಮಹಡಿಯಲ್ಲಿ ಹೆಣ್ಣುಮಕ್ಕಳ ವಾಚನಾಲಯ. ಮನೆಯಲ್ಲಿ ಓದಲು ಒಂದು ಮೂಲೆಯೂ ಸಿಗದ ಹುಡುಗಿಯರು ಬೆಳಗಿನಿಂದ ಸಂಜೆಯವರೆಗೆ ಇಲ್ಲಿ ಪರೀಕ್ಷೆಗಳಿಗೆ ಓದಿಕೊಳ್ಳುತ್ತಾರೆ. ಪೇಟೆಯನ್ನು ಹೊಸದಾಗಿ ಕಟ್ಟುವ ಯೋಜನೆ ಬಂದು, ಪಕ್ಕದ ಜಾಗದಲ್ಲಿ ಮೂರು ಮಹಡಿಯ ಪಾರ್ಕಿಂಗಿಗೆ ಅಡಿಪಾಯ ತೋಡತೊಡಗಿದಾಗ ಕಚಹರಿಯ ಗೋಡೆಯಲ್ಲಿ ಏಳು ಬಿರುಕುಗಳು ಕಂಡವು. ಅವು ಹಳೆಯವೋ ಹೊಸವೋ? ಗೋಡೆ ನಿಂತಿದೆಯೋ ಜರುಗುತ್ತಿದೆಯೋ? ನಿಂತಿದ್ದರೆ ಕಟ್ಟಡವನ್ನು ಉಳಿಸಿಕೊಂಡು ಪಾರ್ಕಿಂಗನ್ನು ಹಿಂದಕ್ಕೆ ಸರಿಸುವುದು. ಜರುಗುತ್ತಿದ್ದರೆ ಕಟ್ಟಡವನ್ನೇ ಕೆಡವುವುದು. ನಾಳೆ, ಅಂದರೆ ಈಗ ಬೆಳಗಾದರೆ, ಹತ್ತು ಗಂಟೆಗೆ ಸರಕಾರಿ ಸಮಿತಿಯವರು ಬಂದು ನೋಡಿ ತೀರ್ಮಾನ ಹೇಳುವವರಿದ್ದರು.

ಅದನ್ನು ತಿಳಿಯುವ ಉಪಾಯ ತೀರಾ ಸರಳ. ಬಿರುಕಿನ ಮೇಲೆ ಅಡ್ಡಡ್ಡ ಒಂದು ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಮೆತ್ತಿ ಕೂರಿಸುವುದು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ತಾಳದು, ಒಡೆಯುತ್ತದೆ. ಏಳು ಬಿರುಕಿಗೆ ಏಳು ಗಾಜು. ಅವನ್ನು ಕೂರಿಸಿದ್ದು ಇಂಜಿನಿಯರ್ ಪ್ರೇರಣಾ, ತಾರೀಕು ಬರೆದದ್ದು ಪ್ರೇರಣಾ, ದೆಹಲಿಯ ಜನಕಪುರಿಯ ಮನೆಯಿಂದ ವಾರಕ್ಕೆರಡು ಸಲ ಬಂದು ನೋಡುತ್ತಿದ್ದದ್ದೂ ಅವಳೇ. ಚಳಿಗಾಲದ ವಿಷಹೊಗೆ ಹೆಚ್ಚಿದೆಯೆಂದು ಸರಕಾರ ನಿಲ್ಲಿಸಿದ್ದ ಕಟ್ಟಡ ಕೆಲಸಗಳು ಈ ವಾರವಷ್ಟೇ ಮತ್ತೆ ಶುರುವಾಗಿದ್ದವು. ಲಾರಿಗಳನ್ನು ಊರೊಳಗೆ ಬಿಡುವುದು ರಾತ್ರಿ ಮಾತ್ರ, ಆದ್ದರಿಂದ ಪಕ್ಕದಲ್ಲಿ ನೆಲ ಕೊರೆಯುವ ಯಂತ್ರವೂ ರಾತ್ರಿಯೇ ಗುಡುಗುತ್ತಿತ್ತು. ಕೊನೆಯ ರಾತ್ರಿ ತಾನೇ ಕಾವಲಿರುತ್ತೇನೆಂದು ಹಟ ಹಿಡಿದು ಅವಳು ವಾಚನಾಲಯದ ಮೇಜುಗಳ ನಡುವೆ ಮಂಚ ಹಾಕಿಸಿಕೊಂಡಿದ್ದಳು.

ಹೆದರುವುದಕ್ಕೆ ಅವಳಿಗೆ ಕಾರಣವಿತ್ತು. ನಾಲ್ಕು ವರ್ಷದ ಹಿಂದೆ ಬೇರೊಂದು ಊರಿನ ಹಳೇ ಹೆಬ್ಬಾಗಿಲಿನ ಬಗ್ಗೆ ವರದಿ ಬರೆಯುವಾಗ, 'ಅಪಾಯವಿಲ್ಲವೆಂದು ಖಚಿತವಾಗಿ ಹೇಳಲಾಗದು' ಎಂದು ಒಂದು ವಾಕ್ಯ ಸೇರಿಸಿದ್ದಳು. ಎಚ್ಚರಿಕೆಗೆಂದು ಸೇರಿಸಿದ ಮಾತು ಅಷ್ಟೇ. ವಾರದೊಳಗೆ ಅಲ್ಲಿಗೆ ಬುಲ್ಡೋಜರ್ ಬಂತು. ಕೆಡವಿದ ಮೇಲೆ ನೋಡಿದರೆ ಒಳಗಿನ ಕಲ್ಲು ಗಟ್ಟಿಮುಟ್ಟಾಗಿತ್ತು. ಅಂದಿನಿಂದ ಅವಳು ತರಕಾರಿಯವನ ಹತ್ತಿರ 'ಸಾಕು' ಎನ್ನುವಾಗಲೂ ಎರಡು ಸಲ ಯೋಚಿಸುತ್ತಾಳೆ.

ಈಗ ಬರಿಗಾಲಲ್ಲೇ ಮೆಟ್ಟಿಲಿಳಿದಳು. ಹೊರಗೆ ಯಂತ್ರದ ಸದ್ದಿರಲಿಲ್ಲ. ಒಂದು, ಎರಡು, ಮೂರು, ಗಾಜುಗಳು ಸರಿಯಿದ್ದವು. ಆರನೆಯದೂ ಸರಿಯಿತ್ತು. ಏಳನೆಯದು ಒಳ ಅಂಗಳದ ಪಕ್ಕ, ಗೋಡೆಗೂಡಿನ ನೆತ್ತಿಯ ಮೇಲೆ. ಗೂಡಿನಲ್ಲಿ ಯಾರೋ ಹಣತೆ ಹಚ್ಚಿಟ್ಟಿದ್ದರಿಂದ ಟಾರ್ಚ್ ಬೇಕಾಗಲಿಲ್ಲ. ಗಾಜಿನ ಮೈಮೇಲೆ ಓರೆಯಾಗಿ ಒಂದು ಗೆರೆ ಹರಿದಿತ್ತು.

ಪ್ರೇರಣಾ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಏಳೂ ಒಡೆಯಬೇಕಿರಲಿಲ್ಲ, ಒಂದೇ ಸಾಕಾಗಿತ್ತು. ಬೆಳಿಗ್ಗೆ ಬರುವವರಿಗೆ ಗಾಜು ಒಡೆದಿದೆ ಎನ್ನುವುದಷ್ಟೇ ಕಾಣುತ್ತದೆ. ಮಹಡಿಯ ಹುಡುಗಿಯರು ಎಲ್ಲಿಗೆ ಹೋಗುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಅವಳ ತಲೆಯಲ್ಲಿ ವರದಿಯ ವಾಕ್ಯಗಳು ತಾವಾಗಿಯೇ ಸಾಲುಗಟ್ಟತೊಡಗಿದವು.

ಆಮೇಲೆ ಅವಳಿಗೆ ಹಿತ್ತಾಳೆ ಮೊಳೆಗಳ ನೆನಪಾಯಿತು.

ಒಂದನ್ನೇ ನಂಬಿ ಕೂರುವ ಸ್ವಭಾವ ಅವಳದಲ್ಲ. ಗಾಜು ಕೂರಿಸಿದ ದಿನವೇ ಪ್ರತಿ ಬಿರುಕಿನ ಎರಡು ಪಕ್ಕಕ್ಕೂ ಒಂದೊಂದು ಸಣ್ಣ ಹಿತ್ತಾಳೆ ಮೊಳೆ ಹುಗಿಸಿ, ನಡುವಿನ ಅಂತರ ಬರೆದಿಟ್ಟುಕೊಂಡಿದ್ದಳು. "ಗಾಜಿದೆಯಲ್ಲಮ್ಮ, ಇದ್ಯಾಕೆ? ಹಿತ್ತಾಳೆ ಅಂಗಡಿ ಇಡ್ತೀಯಾ?" ಎಂದು ಅವಳ ಮೇಲಧಿಕಾರಿ ಅನಂತಮೂರ್ತಿ ನಕ್ಕಿದ್ದರು. ಈಗ ಮಹಡಿಗೆ ಓಡಿ ಅಳತೆಯ ಕ್ಯಾಲಿಪರ್ ತಂದು ಮೊಳೆಗಳ ನಡುವೆ ಹಿಡಿದಳು. ಎಂಬತ್ತನಾಲ್ಕು ಪಾಯಿಂಟ್ ಎರಡು ಮಿಲಿಮೀಟರ್. ಚಳಿಗೆ ಕೈ ಸರಿಯಿಲ್ಲ ಎಂದು ಮತ್ತೆ ಅಳೆದಳು. ಅಷ್ಟೇ. ಮೂರನೇ ಸಲ ಉಸಿರು ಹಿಡಿದು ಅಳೆದಳು. ಸೆಪ್ಟೆಂಬರಿನಲ್ಲಿ ಎಷ್ಟಿತ್ತೋ ಇಂದೂ ಅಷ್ಟೇ.

ಗೋಡೆ ಅಲುಗಿಲ್ಲ. ಹಾಗಿದ್ದರೆ ಗಾಜು?

ಆಗ ಅವಳು ಗಾಜನ್ನು ಸರಿಯಾಗಿ ನೋಡಿದಳು. ಗೋಡೆ ಎಳೆದಿದ್ದರೆ ಬಿರುಕಿನ ನೇರಕ್ಕೆ ಒಡೆಯಬೇಕಿತ್ತು. ಇದು ಕೆಳಗಿನ ಅಂಚಿನಿಂದ ಹೊರಟು ಬಾಗಿ ಮೇಲೇರಿತ್ತು. ಆ ಅಂಚಿಗೆ ಕಪ್ಪು ಮಸಿ ಕಟ್ಟಿತ್ತು. ಬೆರಳಿಟ್ಟಳು, ಬಿಸಿ. ಅಂಗಳದ ಕಡೆಯ ಚಳಿಯಲ್ಲಿ ತಣ್ಣಗೆ ಕೊರೆಯುತ್ತಿದ್ದ ಗಾಜಿಗೆ ಕೆಳಗಿಂದ ಹಣತೆಯ ಉರಿ ತಗುಲಿತ್ತು. ಹಣತೆ ತುಂಬ ಹೊಸ ಎಣ್ಣೆ, ಬತ್ತಿಯನ್ನು ಈಗಷ್ಟೇ ಮುಂದಕ್ಕೆ ತಳ್ಳಿದ್ದರು.

"ಏನ್ರೀ ಇಂಜಿನಿಯರಮ್ಮ, ನಿದ್ದೆ ಬರ್ಲಿಲ್ವಾ?"

ಕಾವಲಿನ ಪೊನ್ನಣ್ಣ. ಕೊಡಗಿನವರು, ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಹೆಂಡತಿ ಬೊಳ್ಳಮ್ಮನ ಜೊತೆ ದೆಹಲಿಯಲ್ಲೇ ಉಳಿದುಬಿಟ್ಟವರು. ಮಂಕಿಕ್ಯಾಪಿನೊಳಗಿಂದ ಬಿಳಿ ಮೀಸೆ ಮಾತ್ರ ಕಾಣುತ್ತಿತ್ತು. ಕೈಯಲ್ಲಿ ಸ್ಟೀಲ್ ಡಬ್ಬಿ.

"ಈ ದೀಪ..." ಎಂದಳು ಪ್ರೇರಣಾ.

"ನಂದೇ. ಇವತ್ತು ನಮ್ಮ ಹುತ್ತರಿ ಹಬ್ಬ ಅಲ್ವಾ. ಮನೆ ನಡುವೆ ದೀಪ ಇರ್ಬೇಕು. ರಾತ್ರಿಯೆಲ್ಲ ಡ್ಯೂಟಿ ಇಲ್ಲೇ ಅಂದ್ಮೇಲೆ ನನ್ನ ಮನೆ ಇದೇ. ಎಳ್ಳೆಣ್ಣೆ ಸಿಗ್ಲಿಲ್ಲ, ಇಲ್ಲಿನ ಸರ್ಸೋಂ ಕಾ ತೇಲ್, ಸಾಸಿವೆ ಎಣ್ಣೆ ಹಾಕಿದೆ. ಅಡ್ಜಸ್ಟ್ ಮಾಡ್ಕೊಳ್ತಾರೆ ನಮ್ಮ ಹಿರಿಯರು, ಅವರೂ ಫೌಜಿಗಳೇ." ನಕ್ಕರು. ಆಮೇಲೆ ದನಿ ತಗ್ಗಿಸಿ, "ಈ ಕಟ್ಟಡಕ್ಕೂ ಬೇಡ್ಕೊಂಡೆ. ನಿಮಗೂ. ಮೂರು ತಿಂಗಳಿಂದ ನೋಡ್ತಿದೀನಿ, ಗೋಡೆ ಮುಖ ನೋಡಿ ನೋಡಿ ನಿಮ್ಮ ಮುಖಾನೇ ಬಿರುಕು ಬಿಡೋ ಹಾಗಾಗಿದೆ. ಏಳನೇ ಗಾಜಿನ ಹತ್ರ ನೀವು ಜಾಸ್ತಿ ಹೊತ್ತು ನಿಲ್ತೀರಲ್ಲ, ಅದಕ್ಕೇ ಅಲ್ಲಿಟ್ಟೆ. ಗಾಜು ಮುಟ್ಲಿಲ್ಲ ಮತ್ತೆ! ಮುಟ್ಬೇಡಿ ಅಂದಿದ್ರಲ್ಲ, ಆರ್ಡರ್ ಆರ್ಡರೇ."

ಮುಟ್ಟಬೇಡಿ ಎಂದಿದ್ದಳು, ನಿಜ. ಕೆಳಗೆ ದೀಪ ಇಡಬೇಡಿ ಎಂದು ಹೇಳಿರಲಿಲ್ಲ. ಮರದ ತೊಲೆಗಳ ಹಳೇ ಕಟ್ಟಡದಲ್ಲಿ ಬೆಂಕಿ ಹಚ್ಚಿದರೆಂದು ತಿಳಿದರೆ ಕಾವಲಿನ ಏಜೆನ್ಸಿಯವರು ಇವರನ್ನು ಅರ್ಧ ದಿನವೂ ಇಟ್ಟುಕೊಳ್ಳುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ತನ್ನ ದೀಪವೇ ಗಾಜು ಒಡೆಯಿತೆಂದು ಈ ಮನುಷ್ಯನಿಗೆ ತಿಳಿದರೆ? ಮುಂದಿನ ಹುತ್ತರಿಗೆ ದೀಪ ಹಚ್ಚಲು ಇವರಿಗೆ ಮನಸ್ಸು ಬಂದೀತೇ?

ಒಡೆದ ಗಾಜು ಕಾಣದಂತೆ ತಾನು ಅಡ್ಡ ನಿಂತಿದ್ದೇನೆ ಎನ್ನುವುದು ಅವಳಿಗೆ ಆಮೇಲೆ ಅರಿವಾಯಿತು.

"ಅಂಕಲ್, ಇಲ್ಲಿ ಗಾಳಿ ಬರ್ತಿದೆ, ದೀಪ ಆರಿಬಿಡುತ್ತೆ. ಅಂಗಳದ ನಡುವೆ ಆ ಕಲ್ಲಿನ ಕಟ್ಟೆ ಇದೆಯಲ್ಲ, ಅಲ್ಲಿಡೋಣ. ಮೇಲೆ ಹುಣ್ಣಿಮೆ ಚಂದ್ರನೂ ಕಾಣ್ತಾನೆ."

"ಈ ಹೊಗೇಲಿ ಚಂದ್ರ ಎಲ್ಲಿ ಕಾಣ್ತಾನೆ, ಹಳೇ ಬಲ್ಬ್ ಥರ ಇದಾನೆ," ಎನ್ನುತ್ತ ಪೊನ್ನಣ್ಣ ಹಣತೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದರು. ಹಿಂತಿರುಗಿ ಡಬ್ಬಿ ತೆರೆದರು. "ತಂಬುಟ್ಟು. ಬೊಳ್ಳಮ್ಮ ಕೊಟ್ಟು ಕಳ್ಸಿದ್ದಾಳೆ. ಬಾಳೆಹಣ್ಣು, ಹುರಿದ ಅಕ್ಕಿ ಹಿಟ್ಟು, ಮೇಲೆ ತುಪ್ಪ. ಇಂಜಿನಿಯರಮ್ಮ ತಿನ್ನದಿದ್ರೆ ಡಬ್ಬಿ ವಾಪಸ್ ತರ್ಬೇಡ ಅಂದಿದ್ದಾಳೆ."

ರಾತ್ರಿ ಎರಡೂವರೆಗೆ ಪ್ರೇರಣಾ ತಂಬುಟ್ಟು ತಿಂದಳು. ತೊಳೆದು ಕೊಡುತ್ತೇನೆಂದು ಡಬ್ಬಿಯನ್ನು ತನ್ನ ಬಳಿಯೇ ಇಟ್ಟುಕೊಂಡಳು.

ಬೆಳಿಗ್ಗೆ ಮೊದಲು ಬಂದವರು ಅನಂತಮೂರ್ತಿ. ಗಾಜು ನೋಡಿ ಅವರ ಮುಖ ಬೆಳ್ಳಗಾಯಿತು. "ಹೋಯ್ತಲ್ಲಮ್ಮ!"

"ಇಲ್ಲ ಸರ್. ಮೊಳೆ ಅಳೆದು ನೋಡಿ."

ಅವರೂ ಮೂರು ಸಲ ಅಳೆದರು. ಏಳು ಜೊತೆ ಮೊಳೆಗಳನ್ನೂ ಅಳೆದರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡು, "ಹಿತ್ತಾಳೆ ಅಂಗಡಿ ಅಂದಿದ್ದೆ, ಅಲ್ವಾ? ವಾಪಸ್ ತಗೊಂಡೆ," ಎಂದರು. ಒಡೆದ ಗಾಜನ್ನು ಅಲ್ಲಿಂದ ತೆಗೆಯೋಣವೇ ಎಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅದು ಇದ್ದ ಹಾಗೇ ಇತ್ತು.

ಸಮಿತಿಯ ಅಧ್ಯಕ್ಷರು ಬಿಗಿ ಮಾತಿನ ಹೆಂಗಸು. ಹಿಂದಿಯಲ್ಲಿ ನೇರವಾಗಿ ಕೇಳಿದರು: "ಗಾಜು ಒಡೆದರೆ ಗೋಡೆ ಜರುಗಿದೆ ಎಂದು ನೀವೇ ಬರೆದು ಕೊಟ್ಟಿದ್ದೀರಿ. ಈಗ ಒಡೆದಿದೆ. ಏನಂತೀರಿ?"

ಪ್ರೇರಣಾ ರಾತ್ರಿಯಿಡೀ ತೂಗಿಟ್ಟಿದ್ದ ಮಾತುಗಳನ್ನು ಒಂದೊಂದಾಗಿ ಇಟ್ಟಳು. ಗಾಜು ಒಡೆದದ್ದು ಹತ್ತಿರವಿದ್ದ ಬೆಂಕಿಯ ಶಾಖಕ್ಕೆ. ಮಸಿ ಇದೆ, ನೋಡಬಹುದು. ಒಡೆದ ಗೆರೆ ಬಿರುಕಿನ ನೇರಕ್ಕಿಲ್ಲ. ಮೊಳೆಗಳ ನಡುವಿನ ಅಂತರ ಮೂರು ತಿಂಗಳಲ್ಲಿ ಒಂದಿಷ್ಟೂ ಬದಲಾಗಿಲ್ಲ. ನಿಮ್ಮ ಇಂಜಿನಿಯರರೇ ಈಗ ಅಳೆಯಲಿ.

ಅವರ ಇಂಜಿನಿಯರ್ ಅಳೆದು ತಲೆಯಾಡಿಸಿದರು.

"ಪಕ್ಕದ ಯಂತ್ರ ನಡೆಯುವಾಗ ಗೋಡೆ ಅದುರಿ ಒಡೆದಿದ್ದರೆ?"

ಸದ್ದಾಗುವಾಗ ಯಂತ್ರ ನಿಂತಿತ್ತು ಎನ್ನಲು ಅವಳ ಕಿವಿ ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ. ಮಲಗುವ ಮುನ್ನ ನೋಡಿದ್ದಳು, ಸದ್ದಾದಾಗ ನೋಡಿದ್ದಳು, ನಡುವಿನದು ಗೊತ್ತಿಲ್ಲ. ಅಷ್ಟರಲ್ಲಿ ಅನಂತಮೂರ್ತಿ ಗೇಟಿನ ಬಳಿಯ ಮೇಜಿನಿಂದ ಒಂದು ದಪ್ಪ ರಿಜಿಸ್ಟರ್ ತಂದು ಬಿಚ್ಚಿದರು. ಸುಬೇದಾರರ ಕೈಬರಹ. ಯಾರೂ ಬರೆಯೆಂದು ಹೇಳಿರಲಿಲ್ಲ. ಮೂರು ತಿಂಗಳು, ಪ್ರತಿ ರಾತ್ರಿ, ಪ್ರತಿ ಗಂಟೆ: 'ಸಾತೋಂ ಶೀಶೇ ಠೀಕ್.' ಕಳೆದ ರಾತ್ರಿಯ ಪುಟದಲ್ಲಿ, '1.20 – ಮಶೀನ್ ಬಂದ್. 1.30 – ಸಾತೋಂ ಶೀಶೇ ಠೀಕ್.' ಯಂತ್ರ ನಿಂತು ಹತ್ತು ನಿಮಿಷದ ಮೇಲೂ ಏಳೂ ಗಾಜು ಸರಿಯಿದ್ದವು.

ಪ್ರೇರಣಾ ಆ ಪುಟವನ್ನು ನೋಡುತ್ತಲೇ ನಿಂತಳು. ರಾತ್ರಿಯೆಲ್ಲ ಎಚ್ಚರವಿರುವವಳು ತಾನೊಬ್ಬಳೇ ಎಂದುಕೊಂಡಿದ್ದಳಲ್ಲ! ಇವಳು ಜನಕಪುರಿಯಲ್ಲಿ ಹೊರಳಾಡುತ್ತಿದ್ದ ಅಷ್ಟೂ ರಾತ್ರಿ ಇನ್ನೊಬ್ಬರು ಇಲ್ಲಿ ಲಾಟೀನಿನಂತೆ ಉರಿಯುತ್ತ ಗಂಟೆಗೊಮ್ಮೆ ಎದ್ದು ಓಡಾಡಿದ್ದರು. ದೀಪದ ಬಗ್ಗೆ ಮಾತ್ರ ರಿಜಿಸ್ಟರಿನಲ್ಲಿ ಒಂದಕ್ಷರವಿರಲಿಲ್ಲ. ಪೂಜೆ ಡ್ಯೂಟಿಯಲ್ಲವಲ್ಲ.

"ಮತ್ತೆ ಬೆಂಕಿ?" ಅಧ್ಯಕ್ಷರು ಬಿಡಲಿಲ್ಲ. "ಇಲ್ಲಿ ಬೆಂಕಿ ಎಲ್ಲಿಂದ ಬಂತು?"

"ಅದು ಅಲ್ಲಿರಬಾರದಿತ್ತು, ಮೇಡಂ. ಈ ಗಾಜುಗಳ ಹೊಣೆ ನನ್ನದು. ಕಾಯುವವರಿಗೆ ಏನು ಮಾಡಬಾರದೆಂದು ಪೂರ್ತಿಯಾಗಿ ಹೇಳಬೇಕಾದವಳೂ ನಾನೇ. ತಪ್ಪು ನನ್ನದು."

ಅಧ್ಯಕ್ಷರು ಅವಳ ಕೆಂಪು ಕಣ್ಣು, ಎರಡು ಸ್ವೆಟರ್, ಶಾಲು ಎಲ್ಲವನ್ನೂ ಮೇಲಿನಿಂದ ಕೆಳಗೆ ನೋಡಿದರು. "ಅಚ್ಛಾ. ಚಳಿ ಕಾಯಿಸಿಕೊಂಡಿರಿ. ಓದಿದವರು ನೀವು! ಇಷ್ಟು ಹಳೇ ಕಟ್ಟಡದಲ್ಲಿ!"

ಪ್ರೇರಣಾ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಅವಳ ಹೆಸರಿನ ಮುಂದೆ ಒಂದು ಎಚ್ಚರಿಕೆ ಬರೆಯಲಾಯಿತು. ಅದರ ಕೆಳಗೆ, ಇನ್ನೊಂದು ಸಾಲಿನಲ್ಲಿ, ಕಟ್ಟಡವನ್ನು ಉಳಿಸಿಕೊಳ್ಳಬೇಕು, ಪಾರ್ಕಿಂಗನ್ನು ಹಿಂಬದಿಗೆ ಸರಿಸಬೇಕು ಎಂದು ಬರೆದು ಸಮಿತಿಯ ಮೂವರೂ ಸಹಿ ಹಾಕಿದರು. ಅವಳು ಎರಡನೇ ಸಾಲನ್ನಷ್ಟೇ ಓದಿದಳು. ಮಹಡಿಯಲ್ಲಿ ಆಗಲೇ ಬಂದು ಕೂತಿದ್ದ ಯಾರೋ ಹುಡುಗಿ ಪಾಠವನ್ನು ಬಾಯಿಪಾಠ ಮಾಡುತ್ತಿದ್ದುದು ಕೆಳಗೂ ಕೇಳುತ್ತಿತ್ತು.

ಕಾರುಗಳೆಲ್ಲ ಹೊರಟ ಮೇಲೆ ಅನಂತಮೂರ್ತಿ ಕೇಳಿದರು. "ನೀನು ಬೆಂಕಿ ಹಾಕೋಳಲ್ಲ. ಗ್ಯಾಸ್ ಆರ್ಸಿದೀನಾ ಅಂತ ಮೆಟ್ರೋ ಸ್ಟೇಷನ್ನಿಂದ ವಾಪಸ್ ಹೋಗೋಳು ನೀನು. ಯಾರಮ್ಮ ಅದು?"

"ಚಳಿ ತುಂಬ ಇತ್ತು ಸರ್," ಎಂದಳು. ಅವರು ಅವಳನ್ನು ಒಂದು ಗಳಿಗೆ ನೋಡಿ, "ಚಲೋ, ಚಹಾ ಕುಡಿಯೋಣ," ಎಂದು ಮುಂದೆ ನಡೆದರು.

ಗೇಟಿನಲ್ಲಿ ಪೊನ್ನಣ್ಣ ಎದೆಯುಬ್ಬಿಸಿ ಸೆಲ್ಯೂಟ್ ಹೊಡೆದರು. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. "ನೋಡಿದ್ರಾ ಇಂಜಿನಿಯರಮ್ಮ? ಒಂದು ಗಾಜು ಒಡೆದ್ರೂ ಕಟ್ಟಡ ಉಳೀತು. ದೀಪದ ಫಲ! ಬೊಳ್ಳಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಂದ ಹಾಗೆ ಆ ಗಾಜು ಯಾಕೆ ಒಡೀತು? ಒಂದೂವರೆಗೆ ನಾನೇ ನೋಡಿದ್ನಲ್ಲ, ಸರಿ ಇತ್ತು."

ಪ್ರೇರಣಾ ಚೀಲಕ್ಕೆ ಕೈಹಾಕಿದಳು. ತೊಳೆದು ಒರೆಸಿದ ಡಬ್ಬಿಯನ್ನು ಅವರ ಕೈಗಿಟ್ಟಳು.

"ಮುಂದಿನ ವಾರ ಹೊಸ ಗಾಜು ಕೂರಿಸ್ತೀನಿ, ಅಂಕಲ್. ದೀಪ ಮಾತ್ರ ಯಾವಾಗ್ಲೂ ಆ ಕಲ್ಲಿನ ಕಟ್ಟೆ ಮೇಲೇ ಇಡಿ. ಅಲ್ಲೇ ಚೆಂದ ಕಾಣುತ್ತೆ. ಬೊಳ್ಳಮ್ಮ ಆಂಟಿಗೆ ತಂಬುಟ್ಟು ತುಂಬ ಚೆನ್ನಾಗಿತ್ತು ಅಂತ ಹೇಳಿ."

ದರ್ಜಿಗಳ ಮಶೀನುಗಳು ಒಂದೊಂದಾಗಿ ಶುರುವಾಗಿದ್ದವು. ಚಹಾದಂಗಡಿಯ ಕಡೆ ನಡೆಯುತ್ತ ಅವಳು ನಿರ್ಧರಿಸಿದಳು: ಅನಂತಮೂರ್ತಿ ಮತ್ತೆ ಕೇಳಿದರೂ, ಮನೆಯಲ್ಲಿ ಕೇಳಿದರೂ, ಇನ್ನು ಹತ್ತು ವರ್ಷ ಬಿಟ್ಟು ಪೊನ್ನಣ್ಣನೇ ಕೇಳಿದರೂ, ಆ ರಾತ್ರಿ ಏಳನೇ ಗಾಜಿನ ಕೆಳಗೆ ಯಾರ ದೀಪ ಉರಿಯುತ್ತಿತ್ತೆಂದು ಯಾರಿಗೂ ಹೇಳುವುದಿಲ್ಲ.