ರಾಮ ಖಾರ್ವಿಯ ಹೆಸರಿನಲ್ಲಿ

"ಜಲಜಾ ಸಾನ್, ಇದು ಗಾಳಿಯ ಗುರುತೋ, ಚಿತ್ರವೋ?" ಪಕ್ಕದ ಮೇಜಿನ ಜಪಾನೀ ಸಹೋದ್ಯೋಗಿ ಮೋರಿತಾ ಸಾನ್ ತಮ್ಮ ಪರದೆಯನ್ನು ಅವಳ ಕಡೆ ತಿರುಗಿಸಿದರು.

೨೦೧೧ರ ದೊಡ್ಡ ಭೂಕಂಪವಾಗಿ ಎರಡು ವರ್ಷ ಕಳೆದಿತ್ತು. ಶಿನಾಗಾವಾದ ಆ ಆಫೀಸಿನಲ್ಲಿ ಹಳೆಯ ಹಡಗುಗಳ ದಿನಚರಿ ಓದಿ, ಅಂದಂದಿನ ಗಾಳಿ, ಅಲೆ, ವಾಯುಭಾರವನ್ನು ಕಂಪ್ಯೂಟರಿಗೆ ಏರಿಸುವುದು ಜಲಜಾಳ ಕೆಲಸ. ಈ ವಾರ 'ಹಾರ್ಟ್‌ಫೆಲ್' ಎಂಬ ಬ್ರಿಟಿಷ್ ಸರಕು ಹಡಗಿನ ಸರದಿ. ಕಲ್ಲಿದ್ದಲು ಉರಿಸುತ್ತ, ಕೊಲಂಬೊದಿಂದ ಕೋಬೆಗೆ ರಬ್ಬರು ಹೊತ್ತು ತೆವಳುತ್ತಿದ್ದ ಮುದಿ ಹಬೆ ಹಡಗು. ನಾಲ್ಕು ಗಂಟೆಗೊಮ್ಮೆ ಪಾಳಿ ಬದಲಾದದ್ದು, ಇಷ್ಟು ಟನ್ನು ಕಲ್ಲಿದ್ದಲು ಉರಿದದ್ದು ತಪ್ಪದೆ ಬರುತ್ತಿತ್ತು; ಮನುಷ್ಯರ ಸುದ್ದಿ ಅಪರೂಪ.

೧೯೫೭ರ ಜೂನ್ ಪುಟ. ಸರಕು ತುಂಬುವ ಒಡಲಿಗೆ ಬಿದ್ದು ಖಲಾಸಿ ರಾಮ ಖಾರ್ವಿ ಸತ್ತ, ಹೆಣವನ್ನು ಸಮುದ್ರಕ್ಕೆ ಬಿಡಲಾಯಿತು. ಎಡಗೈಯ ಹಚ್ಚೆ ಹೀಗಿತ್ತೆಂದು, ಕನ್ನಡ ಲಿಪಿ ಗೊತ್ತಿಲ್ಲದ ಅಧಿಕಾರಿ ಸೊಟ್ಟಸೊಟ್ಟಗೆ ನಕಲು ಮಾಡಿದ್ದ: ಸಾವಿತ್ರಿ.

ಜಲಜಾ ಆ ಅಕ್ಷರಗಳನ್ನು ಮತ್ತೊಮ್ಮೆ ಓದಿದಳು. ಸಾವಿತ್ರಿ ಅವಳ ಅಜ್ಜಿ. ಗಂಗೊಳ್ಳಿಯ ಅಜ್ಜ ದುರ್ಗಯ್ಯ ಮದುವೆಯಾದ ವರ್ಷವೇ ಹೆಂಡತಿಯ ಹೆಸರು ಹಚ್ಚೆ ಹಾಕಿಸಿಕೊಂಡಿದ್ದ. ಹಡಗಿನ ಕೆಲಸಕ್ಕೆ ಬೇಕಾದ ಗುರುತಿನ ಪುಸ್ತಕ ಸಿಗದೆ, ಪಕ್ಕದ ಮನೆಯ ರಾಮನದನ್ನು ಪಡೆದು ಅವನ ಹೆಸರಿನಲ್ಲೇ ಹಡಗು ಹತ್ತಿದ್ದ. ಆಗ ಅದು ಮಾಮೂಲು. ತಿರುಗಿ ಬರಲಿಲ್ಲ. ಕೋಬೆಯಲ್ಲಿ ಇನ್ನೊಂದು ಸಂಸಾರ ಹೂಡಿದ ಎಂದು ಊರು ಆಡಿಕೊಂಡಿತು. ಊರ ಬಾಯಿಗೆ ಬೀಗ ಹಾಕುವವರು ಯಾರು? ಅಜ್ಜಿ ಮಾತ್ರ ಐವತ್ತಾರು ವರ್ಷ ಕುಂಕುಮ ಬಿಡಲಿಲ್ಲ.

ಹೇಳಿದರೆ ಅಜ್ಜನ ಕಳಂಕ ಹೋಗುತ್ತದೆ, ಅಜ್ಜಿಯ ಕುಂಕುಮವೂ ಹೋಗುತ್ತದೆ. ಸಂಜೆ ಫುನಾಬೊರಿಯ ತನ್ನ ಮನೆ ತಲುಪುವವರೆಗೂ ಜಲಜಾಳಿಗೆ ಭಯವೇ. ಆದರೂ ಊರಿಗೆ ವಿಡಿಯೊ ಕರೆ ಮಾಡಿದಳು. ಅಮ್ಮ ಫೋನನ್ನು ಅಜ್ಜಿಯ ಕೈಗೆ ಕೊಟ್ಟಳು.

"ಅಮ್ಮಮ್ಮ, ಅಜ್ಜಯ್ಯ ಓಡಿ ಹೋಗ್ಲಿಲ್ಲ. ಆ ವರ್ಷವೇ ಹಡಗಲ್ಲಿ ಬಿದ್ದು ತೀರಿಹೋಗಿದಾರೆ. ರಾಮಜ್ಜನ ಹೆಸರಲ್ಲಿ ಬರ್ದಿದಾರೆ."

ಅಜ್ಜಿ ಅಳಲಿಲ್ಲ. ಕೇಳಿದಳು: "ಹಂಗಾರೆ ಸತ್ತ ಸುದ್ದಿ ತಂತಿ ರಾಮಣ್ಣನ ಮನೆಗೇ ಬಂದಿರತ್ತ್, ಅಲ್ದಾ?"

"ಬಂದಿರ್ಬೇಕು."

"ಪುಸ್ತಕ ಕೊಟ್ಟದ್ದಕ್ಕೆ ಪೊಲೀಸ್ರು ಹಿಡೀತ್ರ್ ಅಂತ ಹೆದ್ರಿ ಮುಚ್ಚಿಟ್ಟ ಕಾಣ್. ಕೋಬೆಯಲ್ಲಿ ಹೆಂಡ್ತಿ ಮಾಡ್ಕಂಡ್ರ್ ಅಂತ ಮೊದ್ಲ್ ಹೇಳದ್ದೂ ಅವ್ನೇ." ಅಜ್ಜಿ ಫೋನನ್ನು ಇನ್ನೊಂದು ಕೈಗೆ ಬದಲಿಸಿದಳು. "ಹ್ವಾದ್ ವರ್ಷ ಸಾಯುವತ್ತಿಗೆ ಅವ್ನ ಬಾಯಿಗೆ ನೀರ್ ಬಿಟ್ಟದ್ ನಾನ್ ಮಗಾ. ಎಂತದೋ ಹೇಳೂಕ್ ಹೊರ್ಟಿದ್ದ. ಆಯಾಸ ಮಾಡ್ಕಣ್ಬೇಡ, ಸುಮ್ನಿರ್ ಅಂದೆ."

ಫೋನನ್ನು ಚಾಪೆಯ ಮೇಲಿಟ್ಟು ಅವಳು ಎದ್ದುಹೋದಳು. ಪರದೆಯಲ್ಲಿ ಉಳಿದದ್ದು ಹೆಂಚಿನ ಮಾಡು, ಅದರಡಿ ತಿರುಗುವ ಫ್ಯಾನು. ಜಲಜಾ ಕರೆ ಕಡಿಯದೆ ನೋಡುತ್ತ ಕೂತಳು.